ಡ್ರೋನ್ ಹಾರಿಸುವವರ ನಿದ್ದೆಯ ಲೆಕ್ಕವನ್ನೂ ಇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಸೇನೆಯ ಡ್ರೋನ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಎಷ್ಟು ಎತ್ತರ ಹಾರುತ್ತವೆ, ಎಷ್ಟು ಹೊತ್ತು ಆಕಾಶದಲ್ಲಿರುತ್ತವೆ, ಎಷ್ಟು ಕೋಟಿ ಬೀಳುತ್ತದೆ ಎಂಬುದೆಲ್ಲ ಚೆನ್ನಾಗಿ ಬಂದಿದೆ. ಆದರೆ ಕೊನೆಯಲ್ಲಿ, ಇನ್ನು ಮುಂದೆ ನಮ್ಮ ಯೋಧರು ಎ.ಸಿ. ಕೋಣೆಯಲ್ಲಿ ಕುಳಿತೇ ಯುದ್ಧ ಮಾಡುತ್ತಾರೆ, ಅವರ ಕೂದಲೂ ಕೊಂಕುವುದಿಲ್ಲ ಎಂಬ ಅರ್ಥದ ಮಾತಿತ್ತು. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಮನೋರೋಗ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ನನ್ನ ತಂಗಿಯ ಮಗ ಸೇನೆಯಲ್ಲಿ ಡ್ರೋನ್ ನಡೆಸುವ ಕೆಲಸದಲ್ಲಿದ್ದಾನೆ. ಯಾವ ಪಡೆ, ಯಾವ ಊರು ಎಂದು ಬರೆಯುವುದಿಲ್ಲ. ಪತ್ರದ ಕೆಳಗೆ ನನ್ನ ಹೆಸರನ್ನೂ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಮೈಗೆ ಗಾಯವಾಗುವುದಿಲ್ಲ ಎಂಬುದು ನಿಜ, ಅದು ಸಣ್ಣ ಮಾತಲ್ಲ. ಮಗನಿಗೆ ಈ ಕೆಲಸ ಸಿಕ್ಕಿತೆಂದು ಗೊತ್ತಾದ ದಿನ ನನ್ನ ತಂಗಿ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಮೈ ಉಳಿದರೆ ಮನುಷ್ಯ ಪೂರ್ತಿ ಉಳಿದ ಎಂದು ಲೆಕ್ಕ ಹಾಕುವುದು ತಪ್ಪು. ಆ ಲೆಕ್ಕ ತಪ್ಪಿದ್ದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ರೈಲು ಓಡಿಸುತ್ತಿದ್ದವರೊಬ್ಬರು ನಮ್ಮಲ್ಲಿ ದಾಖಲಾಗಿದ್ದರು. ಹೆಸರು, ಊರು ಹೇಳುವುದಿಲ್ಲ. ಹಳಿಯ ಮೇಲೆ ಒಬ್ಬ ಹೆಂಗಸು ನಿಂತಿದ್ದನ್ನು ಕಂಡರು, ಹಾರ್ನ್ ಹೊಡೆದರು, ಬ್ರೇಕ್ ಹಾಕಿದರು. ತುಂಬಿದ ರೈಲು ಅಷ್ಟು ದೂರದಲ್ಲಿ ನಿಲ್ಲುವುದಿಲ್ಲ. ಆಕೆ ಕೊನೇ ಗಳಿಗೆಯಲ್ಲಿ ತಿರುಗಿ ನೋಡಿದರಂತೆ. ಇವರಿಗೆ ಒಂದು ಗೀರೂ ಆಗಿರಲಿಲ್ಲ, ತಪ್ಪೂ ಇವರದಲ್ಲ ಎಂದು ಇಲಾಖೆಯೇ ಬರೆದುಕೊಟ್ಟಿತ್ತು. ಆದರೂ ತಿಂಗಳುಗಟ್ಟಲೆ ನಿದ್ದೆಯಿಲ್ಲ, ಹೆಂಡತಿ ತಿರುಗಿ ನೋಡಿದರೆ ಕೈ ನಡುಗುತ್ತಿತ್ತು. ನೋಡಲು ಬಂದ ನೆಂಟರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ನಿನಗೇನಾಯ್ತೋ, ನೀನು ಗಾಜಿನ ಹಿಂದೆ ಇದ್ದೆಯಲ್ಲ." ಗಾಜಿನ ಹಿಂದೆ ಇದ್ದದ್ದೇ ಅವರ ಕಷ್ಟವಾಗಿತ್ತು. ಎಲ್ಲವೂ ಕಾಣುತ್ತಿತ್ತು, ಏನೂ ಮಾಡುವ ಹಾಗಿರಲಿಲ್ಲ.

ಡ್ರೋನ್ ಕೋಣೆಯಲ್ಲಿ ನಡೆಯುವುದು ಇದಕ್ಕಿಂತ ಕಠಿಣ. ಯುದ್ಧವಿಮಾನದ ಪೈಲಟ್ ಗುರಿಯ ಮೇಲೆ ಕೆಲವು ಕ್ಷಣ ಇರುತ್ತಾನೆ, ಬಾಂಬು ಹಾಕಿ ತಿರುಗಿ ಬಂದುಬಿಡುತ್ತಾನೆ. ಅಮೆರಿಕದ ರೀಪರ್‌ನಂಥ ಡ್ರೋನ್ ಒಂದೇ ಜಾಗದ ಮೇಲೆ 20 ಗಂಟೆ ಸುತ್ತಬಲ್ಲದು. ಅದನ್ನು ನಡೆಸುವವರು ಪಾಳಿ ಬದಲಾಯಿಸಿಕೊಂಡು ಒಂದು ಮನೆಯನ್ನೋ ಒಬ್ಬ ಮನುಷ್ಯನನ್ನೋ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೋಡುತ್ತಾರೆ. ಅವನು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ, ಯಾವ ಮಗುವನ್ನು ಎತ್ತಿಕೊಳ್ಳುತ್ತಾನೆ, ಸಂಜೆ ಯಾರ ಮನೆ ಜಗಲಿಯಲ್ಲಿ ಕೂರುತ್ತಾನೆ ಎಲ್ಲವೂ ಗೊತ್ತಾಗುತ್ತದೆ. ಆಮೇಲೆ ಒಂದು ದಿನ ಆದೇಶ ಬರುತ್ತದೆ. ಪೈಲಟ್ ಕ್ಷಿಪಣಿ ಬಿಡುತ್ತಾನೆ. ಪಕ್ಕದಲ್ಲಿ ಕ್ಯಾಮೆರಾ ನೋಡಿಕೊಳ್ಳುವ ಸೆನ್ಸರ್ ಆಪರೇಟರ್, ಕ್ಷಿಪಣಿ ತಲುಪುವವರೆಗೂ ಲೇಸರ್ ಕಿರಣವನ್ನು ಗುರಿಯ ಮೇಲೆ ಅಲುಗದಂತೆ ಹಿಡಿದಿರಬೇಕು. ಮುಖ ತಿರುಗಿಸುವ ಹಾಗಿಲ್ಲ. ಹೊಗೆ ಸರಿದ ಮೇಲೂ ಎದ್ದು ಹೋಗುವ ಹಾಗಿಲ್ಲ. ಯಾರು ಸತ್ತರು, ಎಷ್ಟು ಮಂದಿ ಸತ್ತರು, ಹೆಣ ಎತ್ತಲು ಯಾರು ಬಂದರು ಎಂದು ನೋಡಿ ಬರೆದುಕೊಡುವುದೂ ಅದೇ ಕುರ್ಚಿಯ ಕೆಲಸ.

ಪಾಳಿ ಮುಗಿದರೆ ಮನೆ. ಅಮೆರಿಕದ ಇಂಥ ಕೆಲಸದ ದೊಡ್ಡ ನೆಲೆ ನೆವಾಡ ರಾಜ್ಯದ ಕ್ರೀಚ್ ವಾಯುನೆಲೆ. ಲಾಸ್ ವೇಗಸ್‌ನಿಂದ ಸುಮಾರು 70 ಕಿ.ಮೀ. ಅಲ್ಲಿನವರು ಬೆಳಿಗ್ಗೆ ಕಾರು ಓಡಿಸಿಕೊಂಡು ಯುದ್ಧಕ್ಕೆ ಹೋಗಿ, ಸಂಜೆ ದಾರಿಯಲ್ಲಿ ಹಾಲು, ಬ್ರೆಡ್ಡು ತೆಗೆದುಕೊಂಡು ಮಕ್ಕಳ ಹೋಂವರ್ಕ್‌ಗೆ ಕೂರುತ್ತಾರೆ. ಬ್ರಿಟನ್ನಿನವರೂ 2013ರಿಂದ ತಮ್ಮ ಲಿಂಕನ್‌ಷೈರಿನ ವಾಡಿಂಗ್ಟನ್ ನೆಲೆಯಿಂದಲೇ ಅಫ್ಗಾನಿಸ್ತಾನದ ಮೇಲೆ ಡ್ರೋನ್ ನಡೆಸಿದರು. ಹಳೆಯ ಕಾಲದ ಯುದ್ಧದಿಂದ ಮರಳುವ ಸೈನಿಕನಿಗೆ ಹಡಗಿನಲ್ಲೋ ರೈಲಿನಲ್ಲೋ ಕೆಲವು ದಿನ ಸಿಗುತ್ತಿದ್ದವು. ಜೊತೆಯವರೊಂದಿಗೆ ಮಾತಾಡುತ್ತ, ಅಳುತ್ತ, ಜಗಳವಾಡುತ್ತ ಬರುತ್ತಿದ್ದ. ಇವರಿಗೆ ಸಿಗುವುದು ಒಂದು ಗಂಟೆಯ ಹೆದ್ದಾರಿ. ಮನೆಗೆ ಹೋದರೆ ಹೆಂಡತಿಗೆ ಏನೂ ಹೇಳುವ ಹಾಗಿಲ್ಲ, ಎಲ್ಲವೂ ರಹಸ್ಯ.

ಇಷ್ಟು ಹೇಳಿ, ಡ್ರೋನ್ ಹಾರಿಸುವವರೆಲ್ಲ ಹುಚ್ಚರಾಗುತ್ತಾರೆ ಎಂದು ಹೆದರಿಸಲು ನಾನು ಬಂದಿಲ್ಲ. ಅದೂ ಸುಳ್ಳೇ. ಅಮೆರಿಕದ ಸೇನೆಯವರೇ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 709 ಡ್ರೋನ್ ಪೈಲಟ್‌ಗಳನ್ನು ಐದು ಸಾವಿರಕ್ಕೂ ಹೆಚ್ಚು ವಿಮಾನ ಪೈಲಟ್‌ಗಳ ಜೊತೆ ಹೋಲಿಸಿ ನೋಡಿದರು. ವಯಸ್ಸು, ಹಿಂದಿನ ಸೇವೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಇಬ್ಬರಲ್ಲೂ ಮಾನಸಿಕ ಕಾಯಿಲೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಕೂತಲ್ಲೇ ಯುದ್ಧ ಮಾಡುವವರಿಗೂ ಆಕಾಶದಲ್ಲಿ ಹಾರುವವರಷ್ಟೇ ಪೆಟ್ಟು ಬೀಳುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಮರುವರ್ಷ ಅಮೆರಿಕದ ವಾಯುಪಡೆಯ ಮನೋವಿಜ್ಞಾನಿ ವೇಯ್ನ್ ಶಾಪೆಲ್ ಮತ್ತು ಸಂಗಡಿಗರು 1,084 ಮಂದಿ ಡ್ರೋನ್ ಆಪರೇಟರುಗಳನ್ನು ಕೇಳಿ ನೋಡಿದಾಗ, ಶೇ 4.3ರಷ್ಟು ಮಂದಿಯಲ್ಲಿ ಪಿಟಿಎಸ್‌ಡಿ (ಭೀಕರ ಅನುಭವದ ನಂತರ ಕಾಡುವ ಮನೋರೋಗ) ಎನ್ನುವಷ್ಟು ತೀವ್ರ ಲಕ್ಷಣಗಳು ಕಂಡವು. ಶೇಕಡಾವಾರು ಎಂದರೆ ಚಿಕ್ಕದಾಗಿ ಕಾಣುತ್ತದೆ. ಎಣಿಸಿದರೆ ನಲವತ್ತಾರು, ನಲವತ್ತೇಳು ಜನ, ಒಂದು ವಾರ್ಡು ತುಂಬುತ್ತದೆ. ವಾರಕ್ಕೆ 50 ಗಂಟೆ ಮೀರಿ ದುಡಿದವರಲ್ಲಿ ಇದು ಹೆಚ್ಚಾಗಿ ಕಂಡಿತು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕೊನೆಯ ಮಾತು. ಇಂಥ ಸಮೀಕ್ಷೆಗಳಲ್ಲಿ ಆಪರೇಟರುಗಳು ಮೊದಲು ಹೇಳಿಕೊಂಡದ್ದು ರಕ್ತದ ಬಗ್ಗೆ ಅಲ್ಲ. ಬದಲಾಗುತ್ತಲೇ ಇರುವ ಪಾಳಿ, ಸಿಬ್ಬಂದಿಯ ಕೊರತೆ, ಮುಗಿಯದ ಗಂಟೆಗಳು, ಕೆಟ್ಟ ನಿದ್ದೆ. ರಾತ್ರಿ ಪಾಳಿ ಏನು ಮಾಡುತ್ತದೆಂದು ಬೆಂಗಳೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ಹಗಲಿಗೆ ತಕ್ಕಂತೆ ಎಚ್ಚರವಿದ್ದ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ಕಂಡ ಊರು ಇದು. ದಣಿದ ಮನಸ್ಸಿಗೆ ಕಂಡದ್ದನ್ನು ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ನಿದ್ದೆ ಸರಿಯಿದ್ದವನು ತಡೆದುಕೊಳ್ಳುವುದನ್ನು ನಿದ್ದೆ ಕೆಟ್ಟವನು ತಡೆದುಕೊಳ್ಳಲಾರ. ಇದನ್ನು ಯಾವ ವಾರ್ಡಿನ ಸಿಸ್ಟರನ್ನು ಕೇಳಿದರೂ ಹೇಳುತ್ತಾರೆ. ಸಮಾಧಾನದ ವಿಷಯವೂ ಇದೇ. ಕಂಡದ್ದನ್ನು ಅಳಿಸಲು ಯಾರಿಂದಲೂ ಆಗದು, ಆದರೆ ಡ್ಯೂಟಿ ಪಟ್ಟಿಯನ್ನು ತಿದ್ದಲು ಆಗುತ್ತದೆ.

ಪರದೆಯಲ್ಲಿ ನೋಡಿದ್ದಕ್ಕೆ ಯಾಕೆ ಇಷ್ಟು ದೊಡ್ಡ ಮಾತು ಎನ್ನುವವರಿಗೆ ಇನ್ನೊಂದು ಸಂಗತಿ. ಮನೋರೋಗಗಳನ್ನು ಗುರುತಿಸಲು ಅಮೆರಿಕದ ವೈದ್ಯರು ಬಳಸುವ ಡಿಎಸ್ಎಂ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂತು. ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಭೀಕರ ದೃಶ್ಯ ನೋಡಿದ್ದನ್ನು ಪಿಟಿಎಸ್‌ಡಿಗೆ ಕಾರಣವೆಂದು ಅದು ಒಪ್ಪುವುದಿಲ್ಲ. ಆದರೆ ನೋಡುವುದೇ ಉದ್ಯೋಗವಾಗಿದ್ದರೆ, ಮತ್ತೆ ಮತ್ತೆ ನೋಡಲೇಬೇಕಾಗಿದ್ದರೆ ಒಪ್ಪುತ್ತದೆ. ಪಿಟಿಎಸ್‌ಡಿ ಅಲ್ಲದ ಇನ್ನೊಂದು ನೋವೂ ಇದೆ, ವೈದ್ಯರು ಮಾರಲ್ ಇಂಜುರಿ ಎನ್ನುತ್ತಾರೆ. ಅಲ್ಲಿ ಭಯ ಇರುವುದಿಲ್ಲ. ತನ್ನ ಕೈಯಿಂದ ಆಗಬಾರದ್ದು ಆಯಿತು, ಅಥವಾ ಆಗುವುದನ್ನು ನೋಡುತ್ತ ಕೂತೆ ಎಂಬ ಕೊರಗು ಇರುತ್ತದೆ. ಅದಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲ. ನಂಬುವ ಒಬ್ಬ ಮನುಷ್ಯನ ಮುಂದೆ ಕೂತು ಹೇಳಿಕೊಳ್ಳಬೇಕು, ಅದೂ ಒಂದು ಸಲ ಅಲ್ಲ.

2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಕಾರಿನ ಮೇಲೆ ದಾಳಿ ಮಾಡಿ ಹತ್ತು ಮಂದಿಯನ್ನು ಕೊಂದಿತು, ಅವರಲ್ಲಿ ಏಳು ಮಂದಿ ಮಕ್ಕಳು. ಸತ್ತವರು ಉಗ್ರರಲ್ಲ, ತಪ್ಪಾಯಿತು ಎಂದು ಮೂರು ವಾರದೊಳಗೆ ಪೆಂಟಗನ್ ಒಪ್ಪಿಕೊಂಡಿತು. ಮೊದಲ ನೋವು ಆ ಮಕ್ಕಳ ಮನೆಯವರದು, ಅದರ ಮುಂದೆ ಬೇರೆ ಯಾರ ನೋವನ್ನೂ ನಾನು ಇಟ್ಟು ತೂಗುವುದಿಲ್ಲ. ಆದರೆ ನಿದ್ದೆಗೆಟ್ಟ, ಮನಸ್ಸು ಜಡವಾದ ಆಪರೇಟರ್ ಕಾರಿನ ಪಕ್ಕದ ಮಗುವನ್ನು ಗುರುತಿಸುವುದು ಕಷ್ಟ. ಕುರ್ಚಿಯಲ್ಲಿ ಕೂತವನ ಆರೋಗ್ಯ ಕೆಳಗಿನವರ ಜೀವದ ಪ್ರಶ್ನೆಯೂ ಹೌದು.

ಈ ನೋವನ್ನು ನೋವೆಂದು ಒಪ್ಪಿಕೊಳ್ಳಲು ಸೈನಿಕ ಸಮಾಜಕ್ಕೇ ಕಷ್ಟ. 2013ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಡ್ರೋನ್ ಮತ್ತು ಸೈಬರ್ ಕೆಲಸದವರಿಗೆಂದು ಹೊಸ ಪದಕ ಘೋಷಿಸಿದರು. ರಣರಂಗದಲ್ಲಿ ನಿಂತವರಿಗೆ ಕೊಡುವ ಪದಕಕ್ಕಿಂತ ಇದು ಮೇಲಾಯಿತೆಂದು ಮಾಜಿ ಸೈನಿಕರು ಸಿಟ್ಟಾದರು. ಎರಡೇ ತಿಂಗಳಲ್ಲಿ ಅವರ ನಂತರ ಬಂದ ಚಕ್ ಹೇಗಲ್ ಅದನ್ನು ರದ್ದು ಮಾಡಿದರು. ಪದಕ ಬೇಕೋ ಬೇಡವೋ ಎಂಬುದು ನನಗೆ ಸಂಬಂಧಿಸಿದ್ದಲ್ಲ. ಆದರೆ "ನೀನು ಪಟ್ಟ ಕಷ್ಟ ಕಷ್ಟವೇ ಅಲ್ಲ" ಎಂದು ತನ್ನವರಿಂದಲೇ ಕೇಳಿಸಿಕೊಂಡವನು ನಾಳೆ ವೈದ್ಯರ ಬಾಗಿಲು ತಟ್ಟುತ್ತಾನೆಯೇ?

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಏನು ನೋಡುತ್ತಾನೆ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರ ನಡೆದಾಗ, 8ರ ರಾತ್ರಿ ಪಾಕಿಸ್ತಾನದ ಕಡೆಯಿಂದ 36 ಜಾಗಗಳ ಮೇಲೆ 300ರಿಂದ 400 ಡ್ರೋನ್‌ಗಳು ಬಂದವೆಂದು ಸರ್ಕಾರ ಮರುದಿನ ಹೇಳಿತು. ಟಿ.ವಿ. ವಾಹಿನಿಗಳು ಸೈರನ್ ಶಬ್ದ ಹಾಕಿ, ವಿಡಿಯೊ ಗೇಮಿನಂಥ ಚಿತ್ರ ತೋರಿಸುತ್ತಿದ್ದವು. ತಂಗಿ ಟಿ.ವಿ. ಆರಿಸಿ ಫೋನ್ ಹಿಡಿದು ಕೂತಿದ್ದಳು. ಅವನಿಂದ ನಾಲ್ಕೈದು ದಿನ ಒಂದು ಮೆಸೇಜೂ ಇಲ್ಲ. ಆಮೇಲೆ ಅವನು ರಜೆಗೆ ಬಂದ. ಕಗ್ಗದಾಸಪುರದ ನಮ್ಮ ಮನೆಗೂ ಬಂದು ಎರಡು ದಿನ ಇದ್ದ. ನಮ್ಮದು ಮೂರನೇ ಮಹಡಿ, ಬಾಲ್ಕನಿಯಿಂದ ಕೆಳಗಿನ ರಸ್ತೆ ಉದ್ದಕ್ಕೂ ಕಾಣುತ್ತದೆ. ಕಾಫಿ ಕೊಡಲು ಹೋದರೆ ಲೋಟವನ್ನೂ ನೋಡದೆ ಕೈ ಚಾಚಿದ. ಅವನ ಕಣ್ಣು ಕೆಳಗೆ ಹೋಗುತ್ತಿದ್ದ ಸೊಪ್ಪಿನ ಗಾಡಿಯವನ ಮೇಲಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ರೆಪ್ಪೆ ಹೊಡೆಯಲಿಲ್ಲ. ಆಮೇಲೆ ಇನ್ನೊಬ್ಬರನ್ನು ಹಿಡಿದ.

"ಯಾರೋ ಅದು, ಗುರುತಿನವರಾ?" ಎಂದೆ.

"ಅಲ್ಲ ದೊಡ್ಡಮ್ಮ. ಅಭ್ಯಾಸ ಆಗ್ಬಿಟ್ಟಿದೆ. ಒಬ್ರನ್ನ ನೋಡಕ್ಕೆ ಶುರು ಮಾಡಿದ್ರೆ ನಡುವೆ ಬಿಡಕ್ಕಾಗಲ್ಲ."

ರಾತ್ರಿ ಎರಡಕ್ಕೆ ಎದ್ದು ನಡುಮನೆಯಲ್ಲಿ ಓಡಾಡುತ್ತಿದ್ದ. ಹಗಲು ಮಲಗಿ ರೂಢಿಯಾದವನಿಗೆ ಅದು ಸಹಜ. ಆದರೆ ಹಗಲಲ್ಲೂ ಅವನು ಮಲಗಲಿಲ್ಲ. ಅವನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, ಮಗು ಬಿದ್ದು ಅತ್ತರೂ ಇವರು ನೋಡುತ್ತ ನಿಂತಿರುತ್ತಾರೆ ಅತ್ತೆ, ಎತ್ತಿಕೊಳ್ಳಲು ಒಂದು ಕ್ಷಣ ತಡವಾಗುತ್ತದೆ ಎಂದಳು. ಆ ಒಂದು ಕ್ಷಣ ಅವಳನ್ನು ಹೆದರಿಸಿತ್ತು. ನನ್ನನ್ನೂ ಹೆದರಿಸಿತು. ಅವನನ್ನು ಕರೆದು, ನಿಮ್ಮ ಪಡೆಯ ಡಾಕ್ಟರ ಹತ್ತಿರ ಹೋಗಿ ನಿದ್ದೆ ಬರುತ್ತಿಲ್ಲ ಎಂದಾದರೂ ಹೇಳು ಎಂದೆ. "ಹೇಳಿದ್ರೆ ಕೆಟಗರಿ ಇಳಿಯತ್ತೆ ದೊಡ್ಡಮ್ಮ. ಆಮೇಲೆ ಪ್ರಮೋಷನ್ನೂ ಇಲ್ಲ, ಈ ಕೆಲಸಾನೂ ಇಲ್ಲ" ಎಂದ. ಸೇನೆಯಲ್ಲಿ ಪ್ರತಿಯೊಬ್ಬರಿಗೂ ಮೆಡಿಕಲ್ ಕೆಟಗರಿ ಇರುತ್ತದೆ, ಭೂಸೇನೆಯಲ್ಲಿ ಅದನ್ನು ಶೇಪ್ (SHAPE) ಎನ್ನುತ್ತಾರೆ. ಅದರ ಮೊದಲ ಅಕ್ಷರವೇ ಮನಸ್ಸಿನ ಆರೋಗ್ಯದ್ದು. ಅದು ಎಲ್ಲಕ್ಕಿಂತ ಮೇಲಿನ ಒಂದನೇ ದರ್ಜೆಯಿಂದ ಕೆಳಗಿಳಿದರೆ ಸೈನಿಕನ ಬದುಕಿನ ದಿಕ್ಕೇ ಬದಲಾಗುತ್ತದೆ ಎಂಬ ಭಯ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಇದೆ. ನನ್ನ ಹೆಸರು ಬೇಡ ಎಂದದ್ದು ಇದಕ್ಕೇ. ದೊಡ್ಡಮ್ಮ ಬರೆದ ಪತ್ರದಿಂದ ಅವನ ಕಾಗದದ ಮೇಲೆ ಒಂದು ಗುರುತು ಬೀಳಬಾರದು.

ಇವನೊಬ್ಬನ ಪ್ರಶ್ನೆಯಾಗಿದ್ದರೆ ನಾನು ಮನೆಯೊಳಗೇ ನೋಡಿಕೊಳ್ಳುತ್ತಿದ್ದೆ. ನಮ್ಮ ದೇಶದಲ್ಲಿ ಈ ಕುರ್ಚಿಗಳು ಬೇಗ ಬೇಗ ಹೆಚ್ಚುತ್ತಿವೆ. ಚೆನ್ನೈ ರೈಲಿನ ದಾರಿಯಲ್ಲಿ ಸಿಗುವ ಅರಕ್ಕೋಣಂನ ನೌಕಾ ವಾಯುನೆಲೆಯಿಂದ 2020ರಿಂದಲೇ ಬಾಡಿಗೆಗೆ ತಂದ ಸೀ ಗಾರ್ಡಿಯನ್ ಡ್ರೋನ್‌ಗಳು ಹಾರುತ್ತಿವೆ. 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆ ಘೋಷಿಸಿತು, ದೂರದಿಂದ ವಿಮಾನ ನಡೆಸುವವರೂ ಅದರಲ್ಲಿ ಸೇರಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಸುಮಾರು 32 ಸಾವಿರ ಕೋಟಿ ರೂಪಾಯಿಗೆ 31 ಎಂಕ್ಯೂ-9ಬಿ ಡ್ರೋನ್‌ಗಳ ಒಪ್ಪಂದಕ್ಕೆ ಸಹಿ ಬಿತ್ತು: ನೌಕಾಪಡೆಗೆ 15, ಭೂಸೇನೆಗೂ ವಾಯುಪಡೆಗೂ ತಲಾ 8. 2025ರ ಕಾರ್ಗಿಲ್ ವಿಜಯ ದಿನದಂದು ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ, ಪದಾತಿ ಬೆಟಾಲಿಯನ್‌ಗಳಲ್ಲಿ ಡ್ರೋನ್ ಪ್ಲಟೂನ್ ಇರುತ್ತದೆ ಎಂದರು. ಅಂದರೆ ಬೆಳಗಾವಿಯ, ಹಾಸನದ, ಕೊಡಗಿನ ಹುಡುಗರ ಕೈಗೆ ರೈಫಲ್ಲಿನ ಜೊತೆ ಈ ಪರದೆಯೂ ಬರುತ್ತದೆ.

ಅವರಲ್ಲಿ ಅನೇಕರು ಅಗ್ನಿವೀರರು. ನಾಲ್ಕು ವರ್ಷ ಮುಗಿದ ಮೇಲೆ ಶೇ 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ವೈದ್ಯಕೀಯ ಸೌಲಭ್ಯವೂ ಇಲ್ಲ. ಮನಸ್ಸಿನ ಗಾಯ ಕೆಲಸದಲ್ಲಿದ್ದಾಗಲೇ ಹೊರಬರಬೇಕೆಂದಿಲ್ಲ. ಕೆಲಸದ ಬಿಗಿ ಸಡಿಲವಾಗಿ, ಸಮವಸ್ತ್ರ ಕಳಚಿ, ಊರಿನಲ್ಲಿ ಸುಮ್ಮನೆ ಕೂತಾಗ ಹೊರಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಪ್ಪತ್ತೈದರ ಹುಡುಗ, ಎಲ್ಲೋ ಒಂದು ಕಡೆ ಸೆಕ್ಯುರಿಟಿ ಕೆಲಸದಲ್ಲಿ ಸಿಸಿಟಿವಿ ಮುಂದೆ ಕೂತು ರಾತ್ರಿ ಬೆವರಲು ಶುರು ಮಾಡಿದರೆ ಅವನು ಯಾರ ಹತ್ತಿರ ಹೋಗಬೇಕು? ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಕಂದಕ ಇದೇ.

ಬೆಂಗಳೂರಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಈ ದೇಶದ ಪೈಲಟ್‌ರಹಿತ ವಿಮಾನಗಳ ತವರು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಸಿ.ವಿ. ರಾಮನ್ ನಗರದ ಎಡಿಇ (ರಕ್ಷಣಾ ಇಲಾಖೆಯ ವಿಮಾನ ಸಂಶೋಧನಾ ಸಂಸ್ಥೆ) 1959ರಲ್ಲಿ ಶುರುವಾದದ್ದು. ಲಕ್ಷ್ಯ, ನಿಶಾಂತ್, ರುಸ್ತುಂ, ತಪಸ್ ಎಲ್ಲ ಅಲ್ಲೇ ರೂಪುಗೊಂಡವು, ತಪಸ್ ಪರೀಕ್ಷೆಗೆ ಚಳ್ಳಕೆರೆಯ ಬಯಲಿಗೆ ಹೋಯಿತು. ಅಲ್ಲಿ ದುಡಿದವರು ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ ಇದ್ದಾರೆ, ಅವರ ಶ್ರಮದ ಬಗ್ಗೆ ನನಗೆ ಹೆಮ್ಮೆಯಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಆಕಾಶಕ್ಕೆ ಹೋಗುವ ಮನುಷ್ಯನ ಮೈ ಮನಸ್ಸು ಎಷ್ಟು ತಡೆಯುತ್ತದೆ ಎಂಬುದನ್ನು 1957ರಿಂದ ನೋಡುತ್ತಿದೆ, ಗಗನಯಾನಿಗಳನ್ನು ಪರೀಕ್ಷಿಸಿದ್ದೂ ಅಲ್ಲೇ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಯಂತ್ರ ಮಾಡುವವರು, ಹಾರುವವರ ದೇಹ ಬಲ್ಲವರು, ಮನಸ್ಸು ಬಲ್ಲವರು ಮೂವರೂ ಒಂದೇ ಊರಿನಲ್ಲಿ, ಒಂದೇ ಬಸ್ಸಿನ ದೂರದಲ್ಲಿ ಇದ್ದಾರೆ. ಡ್ರೋನ್ ಕುರ್ಚಿಯ ಪಾಳಿ ಎಷ್ಟು ಗಂಟೆ ಇರಬೇಕು, ದಾಳಿಯ ನಂತರ ಎಷ್ಟು ದಿನ ಅವನನ್ನು ಪರದೆಯಿಂದ ದೂರ ಇಡಬೇಕು, ಎಷ್ಟು ವರ್ಷಕ್ಕೆ ಆ ಕೆಲಸದಿಂದ ಬದಲಿಸಬೇಕು ಎಂದು ಈ ಮೂವರೂ ಸೇರಿ ನಿಯಮ ಬರೆಯಲಿ. ಅದು ಆ 31 ಎಂಕ್ಯೂ-9ಬಿ ಬರುವ ಮೊದಲೇ ಆಗಲಿ, ಅಮೆರಿಕದ ಹಾಗೆ ಹತ್ತು ವರ್ಷ ಹಾರಿಸಿದ ಮೇಲೆ ಅಲ್ಲ.

ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಸಿಗುತ್ತದೆ. ಅದರ ಕೇಂದ್ರ ಹೊಣೆ ನಿಮ್ಹಾನ್ಸಿನದೇ. ಸೈನಿಕರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಒಂದು ಘಟಕ ತೆರೆದರು. ಒಳ್ಳೆಯ ಕೆಲಸ. ಆದರೆ ರಹಸ್ಯ ಕಾಪಾಡುವ ಪ್ರತಿಜ್ಞೆ ಮಾಡಿದ ಹುಡುಗ ಫೋನಿನಲ್ಲಿ ಏನು ಹೇಳಿಕೊಂಡಾನು? ಕ್ರೀಚ್‌ನಲ್ಲಿ ಆಪ್ತಸಮಾಲೋಚಕರಿಗೂ ಪಾದ್ರಿಗಳಿಗೂ ರಹಸ್ಯ ಮಾಹಿತಿ ಕೇಳುವ ಅನುಮತಿ ಕೊಟ್ಟು ಘಟಕದ ಒಳಗೇ ಕೂರಿಸಿದರು. ಅವರು ಕಾರಿಡಾರಿನಲ್ಲಿ ಓಡಾಡುತ್ತಾರೆ, ಜೊತೆಗೆ ಕಾಫಿ ಕುಡಿಯುತ್ತಾರೆ. ಹೋಗಿ ಬಾಗಿಲು ತಟ್ಟಬೇಕಾದ ಅಗತ್ಯವೇ ಇಲ್ಲ. ನಮ್ಮಲ್ಲೂ ಹಾಗೆಯೇ ಆಗಬೇಕು. ಮತ್ತು ಎಲ್ಲರನ್ನೂ ಕೂರಿಸಿ ಮಾತಾಡಿಸಬೇಕು, ಅಧಿಕಾರಿಯಿಂದ ಹಿಡಿದು ಸಿಪಾಯಿಯವರೆಗೆ, ತಿಂಗಳಿಗೊಮ್ಮೆ, ಬಿ.ಪಿ. ನೋಡುವ ಹಾಗೆ. ಎಲ್ಲರೂ ಹೋದರೆ ಹೋದವನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ನಿದ್ದೆ ಬರುತ್ತಿಲ್ಲ ಎಂದು ತಾನಾಗಿ ಬಂದು ಹೇಳಿದವನ ಕೆಟಗರಿಯನ್ನು ಆ ಒಂದೇ ಕಾರಣಕ್ಕೆ ಮುಟ್ಟುವುದಿಲ್ಲ ಎಂದು ಲಿಖಿತವಾಗಿ ಹೇಳಬೇಕು. ಅಗ್ನಿವೀರರು ಹೊರಬಂದ ಮೇಲೂ ಕನಿಷ್ಠ ಮನಸ್ಸಿನ ಚಿಕಿತ್ಸೆಗಾದರೂ ಸೇನಾ ಆಸ್ಪತ್ರೆಯ ಬಾಗಿಲು ತೆರೆದಿರಬೇಕು.

ಕೊನೆಯದಾಗಿ ಮನೆಯವರ ವಿಷಯ. ಅವನ ಹೆಂಡತಿಗೆ ಯಾವ ರಹಸ್ಯವೂ ಬೇಕಿಲ್ಲ. ಯಾವ ಲಕ್ಷಣ ಕಂಡರೆ ಸಹಜ, ಯಾವುದು ಕಂಡರೆ ಯಾರಿಗೆ ಫೋನ್ ಮಾಡಬೇಕು, ಹಗಲು ಮಲಗುವವನ ಕೋಣೆ ಹೇಗಿರಬೇಕು, ಮಾತಾಡದಿದ್ದವನನ್ನು ಕೆದಕಬೇಕೋ ಬಿಡಬೇಕೋ, ಇಷ್ಟು ಗೊತ್ತಾದರೆ ಸಾಕು. ಎಂಟು ಪುಟದ ಒಂದು ಕೈಪಿಡಿ, ಕನ್ನಡದಲ್ಲಿ, ರಜೆ ಚೀಟಿಯ ಜೊತೆ ಕೊಟ್ಟು ಕಳಿಸಬಹುದು. ಅಂಥದ್ದರ ಕರಡನ್ನು ನಾನೂ, ನನ್ನೊಡನೆ ಕೆಲಸ ಮಾಡಿ ನಿವೃತ್ತರಾದ ಇಬ್ಬರು ಸಿಸ್ಟರುಗಳೂ ಬರೆಯಲು ಶುರು ಮಾಡಿದ್ದೇವೆ. ಸೇನೆಯ ವೈದ್ಯರು ಯಾರಾದರೂ ಅದನ್ನು ತಿದ್ದಿಕೊಡುವುದಾದರೆ ನಮ್ಮ ವಿಳಾಸ ನಿಮ್ಮ ಕಚೇರಿಯಲ್ಲಿದೆ, ದಯವಿಟ್ಟು ಅವರಿಗೆ ತಲುಪಿಸಿ.

ಇಂತಿ,
ನಿವೃತ್ತ ಶುಶ್ರೂಷಕಿ
ಕಗ್ಗದಾಸಪುರ, ಬೆಂಗಳೂರು